ಹೊಸ್ತಿಲಿನ ಭಾಷೆ: ಗಡಿನಾಡಿನ ಗರ್ಭಿಣಿಯರು ಮತ್ತು ಆರೋಗ್ಯ ಸಂದರ್ಶಕಿಯರು

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ, ಹೊಸ ಗಡಿಗಳ ಆಚೆ ಉಳಿದುಹೋಗುವ ಭಾಷಿಕರ ಬಗೆಗೆ ಕೇಂದ್ರ ಸರ್ಕಾರ ಅದೇ ವರ್ಷ ಒಂದು ಜ್ಞಾಪನಪತ್ರವನ್ನು ಸಿದ್ಧಪಡಿಸಿತ್ತು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಸಂಬಂಧಿಸಿದ ಆ ಪತ್ರದಲ್ಲಿ ಶಾಲೆಯಿದೆ, ಶಾಲೆಯ ಮಾನ್ಯತೆಯಿದೆ, ಸರ್ಕಾರಿ ಪ್ರಕಟಣೆಗಳಿವೆ, ಜಿಲ್ಲಾಡಳಿತದ ಭಾಷೆಯಿದೆ, ನೌಕರಿಯ ಪರೀಕ್ಷೆಯಿದೆ. ಒಂದು ಪ್ರದೇಶದಲ್ಲಿ ಅಲ್ಪಸಂಖ್ಯಾತ ಭಾಷಿಕರು ನೂರಕ್ಕೆ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕು, ಜಿಲ್ಲೆಯಲ್ಲಿ ನೂರಕ್ಕೆ 30ರಷ್ಟಿದ್ದರೆ ಆಡಳಿತ ದ್ವಿಭಾಷಿಕವಾಗಿರಬೇಕು ಎಂಬ ಅಳತೆಗಳು ಆ ಕಾಲದ ಚರ್ಚೆಗಳಿಂದಲೇ ಬಂದವು. ಸಂವಿಧಾನಕ್ಕೆ ಸೇರಿದ 350ಎ ಮತ್ತು 350ಬಿ ವಿಧಿಗಳೂ ಅದೇ ವರ್ಷದವು. ಈ ಪಟ್ಟಿಯನ್ನು ಒಟ್ಟಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅದರಲ್ಲಿರುವ ಎಲ್ಲ ಸ್ಥಳಗಳೂ ಬರವಣಿಗೆಯ ಸ್ಥಳಗಳು. ಪ್ರಜೆ ಅರ್ಜಿ ಬರೆಯುತ್ತಾನೆ, ಪ್ರಕಟಣೆ ಓದುತ್ತಾನೆ, ಪಾಠ ಕಲಿಯುತ್ತಾನೆ, ಪರೀಕ್ಷೆಗೆ ಕೂರುತ್ತಾನೆ. ಸರ್ಕಾರವೇ ಮನೆಯ ಹೊಸ್ತಿಲು ದಾಟಿ ಬಂದು, ಚಾಪೆಯ ಮೇಲೆ ಕುಳಿತು, ಒಬ್ಬ ಬಸುರಿಯೊಡನೆ ಮಾತನಾಡುವ ಸಂದರ್ಭವೊಂದಿದೆ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ. ನೌಕರಿಯ ವಿಷಯದಲ್ಲಿ ಕೂಡ ಆ ಪತ್ರ ಯೋಚಿಸಿದ್ದು ಕೆಲಸ ಕೇಳುವವರ ಭಾಷಾಹಕ್ಕನ್ನು ಕುರಿತು. ಸೇವೆ ಪಡೆಯುವವರ ಕಿವಿಯನ್ನು ಕುರಿತು ಅಲ್ಲ.

ಆರೋಗ್ಯ ಸಂದರ್ಶಕಿ, ಅಂದರೆ ಜನರ ಬಾಯಲ್ಲಿ ನರ್ಸಮ್ಮ, ನರ್ಸಬಾಯಿ ಅಥವಾ ಸಿಸ್ಟರ್, ಮಾಡುವ ಕೆಲಸದ ಬಹುಭಾಗ ಮಾತೇ ಆಗಿದೆ. ಈ ಹುದ್ದೆ ಹುಟ್ಟಿದ್ದು ಕೂಡ ಮಾತಿನ ಅಗತ್ಯದಿಂದ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಸ್ಯಾಲ್‌ಫರ್ಡ್ ನಗರಗಳಲ್ಲಿ 1862ರಲ್ಲಿ ಮಹಿಳೆಯರ ನೈರ್ಮಲ್ಯ ಸುಧಾರಣಾ ಸಂಘ ಸ್ಥಾಪನೆಯಾಯಿತು. ಕರಪತ್ರ ಹಂಚಿ ಪ್ರಯೋಜನವಾಗದೆ, ಕಾರ್ಮಿಕ ವರ್ಗದ ಹೆಂಗಸರನ್ನೇ ಸಂಬಳಕ್ಕಿಟ್ಟುಕೊಂಡು ಮನೆಮನೆಗೆ ಕಳಿಸುವ ಪದ್ಧತಿ ಅಲ್ಲಿ ಬೆಳೆಯಿತು. ತಮ್ಮಂತೆ ಮಾತನಾಡುವವಳ ಮಾತನ್ನು ತಾಯಂದಿರು ಕೇಳಿಸಿಕೊಳ್ಳುತ್ತಾರೆ ಎಂಬುದೇ ಅದರ ಹಿಂದಿನ ತರ್ಕ. ಮೂರು ದಶಕಗಳ ತರುವಾಯ, 1892ರ ಹೊತ್ತಿಗೆ, ಬಕಿಂಗ್‌ಹ್ಯಾಮ್‌ಶೈರಿನ ಹಳ್ಳಿಗಳಿಗಾಗಿ ಫ್ಲಾರೆನ್ಸ್ ನೈಟಿಂಗೇಲ್ ರೂಪಿಸಿದ ತರಬೇತಿಯೂ ಭಾಷಣಕ್ಕಿಂತ ಮನೆಯ ಭೇಟಿಯನ್ನು ಮುಖ್ಯವೆಂದು ಎಣಿಸಿತು.

ಭಾರತಕ್ಕೆ ಈ ಪದ್ಧತಿ ಬಂದದ್ದು ಸುತ್ತುದಾರಿಯಲ್ಲಿ. 1885ರ ಡಫರಿನ್ ನಿಧಿ ಆಸ್ಪತ್ರೆ ಮತ್ತು ವೈದ್ಯೆಯರತ್ತ ನೋಡಿತು. 1903ರ ವಿಕ್ಟೋರಿಯಾ ಸ್ಮಾರಕ ನಿಧಿ ಸೂಲಗಿತ್ತಿಯರಿಗೆ ತರಬೇತಿ ಕೊಡಲು ಹೊರಟಿತು. 1918ರಲ್ಲಿ ದೆಹಲಿಯಲ್ಲಿ ಆರೋಗ್ಯ ಸಂದರ್ಶಕಿಯರ ತರಬೇತಿ ಶಾಲೆ ಆರಂಭವಾಯಿತು. ಮುಂದೆ ಅದು ಲೇಡಿ ರೀಡಿಂಗ್ ಆರೋಗ್ಯ ಶಾಲೆಯೆಂದು ಹೆಸರಾಯಿತು. ಆದರೆ ಹಳ್ಳಿಯ ತನಕ ತಲುಪಿದವರು ತೀರ ಕಡಿಮೆ. 1946ರ ಭೋರ್ ಸಮಿತಿಯ ವರದಿ ಲೆಕ್ಕ ಹಾಕಿದಂತೆ ಇಡೀ ಬ್ರಿಟಿಷ್ ಭಾರತದಲ್ಲಿ ಇದ್ದ ಆರೋಗ್ಯ ಸಂದರ್ಶಕಿಯರು ಸುಮಾರು 750, ದಾದಿಯರು ಅಥವಾ ಮಿಡ್‌ವೈಫರು ಸುಮಾರು 5,000. ಅಂದರೆ ನಾಲ್ಕು ಲಕ್ಷ ಜನರಿಗೆ ಒಬ್ಬ ಸಂದರ್ಶಕಿ. ಅದೇ ವರದಿಯ ಅಂದಾಜಿನಂತೆ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರು.

ಈ ಅಂಕಿಗಳನ್ನು ಇಲ್ಲಿ ನೆನೆಯಲು ಕಾರಣವಿದೆ. ಗಡಿನಾಡಿನ ಬರಹಗಳಲ್ಲಿ 1956ಕ್ಕೆ ಹಿಂದಿನ ಕಾಲವನ್ನು ಕನ್ನಡದ ತುಂಬುಕಾಲವೆಂದು ಚಿತ್ರಿಸುವ ರೂಢಿಯಿದೆ. ಶಾಲೆ ಮತ್ತು ಕಚೇರಿಗಳ ಮಟ್ಟಿಗೆ ಅದಕ್ಕೆ ಆಧಾರವಿರಬಹುದು. ಬಸುರಿಯ ಮನೆಬಾಗಿಲಿನ ಮಟ್ಟಿಗೆ ಇಲ್ಲ. ಮಂಜೇಶ್ವರದಲ್ಲಾಗಲಿ, ತಾಳವಾಡಿಯಲ್ಲಾಗಲಿ, ಜತ್ತದಲ್ಲಾಗಲಿ ಕನ್ನಡ ಮಾತನಾಡುವ ಸಂದರ್ಶಕಿಯನ್ನು ಜನ ಕಳೆದುಕೊಂಡರು ಎನ್ನುವುದು ತಪ್ಪಾಗುತ್ತದೆ. ಬಹುತೇಕ ಹಳ್ಳಿಗಳು ಅವಳನ್ನು ಕಂಡೇ ಇರಲಿಲ್ಲ. ಇದ್ದವಳು ಸೂಲಗಿತ್ತಿ. ಅವಳು ಊರಿನವಳು, ಊರಿನ ಮಾತಿನವಳು. ಆಂಧ್ರದ ಗಡಿಗೆ ತಾಗಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ಆ ಪರಂಪರೆಗೆ ತಡವಾಗಿಯಾದರೂ ಒಂದು ಹೆಸರು ದೊರೆಯಿತು.

ಕಾಯಿದೆಯ ಕಡೆಯಿಂದ ನೋಡಿದರೆ, ಇಂದು ಬೇರೆ ಬೇರೆ ರಾಜ್ಯಗಳಲ್ಲಿ ಹಂಚಿಹೋಗಿರುವ ಗಡಿ ಕನ್ನಡ ಪ್ರದೇಶಗಳ ಪೂರ್ವೇತಿಹಾಸ ಅಷ್ಟೇನೂ ಬೇರೆಯಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು, ಕೊಯಮತ್ತೂರಿನ ತಾಳವಾಡಿ, ಸೇಲಂನ ಹೊಸೂರು, ಬಳ್ಳಾರಿಯ ಆದವಾನಿ ಮತ್ತು ರಾಯದುರ್ಗ, ಅನಂತಪುರದ ಮಡಕಶಿರಾ ಎಲ್ಲವೂ ಮದರಾಸು ಪ್ರಾಂತ್ಯದೊಳಗಿದ್ದವು. 1939ರ ಮದರಾಸು ಸಾರ್ವಜನಿಕ ಆರೋಗ್ಯ ಕಾಯಿದೆ ಇವೆಲ್ಲಕ್ಕೂ ಅನ್ವಯಿಸುತ್ತಿತ್ತು. ತಾಯಿ ಮತ್ತು ಶಿಶುಗಳ ಕ್ಷೇಮವನ್ನು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿದ ಕಾಯಿದೆ ಅದು. ವಿಚಿತ್ರವೆಂದರೆ 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದರೂ ಹಳೆಯ ಮಲಬಾರು ಭಾಗದಲ್ಲಿ ಮದರಾಸಿನ ಕಾಯಿದೆಯೇ ಮುಂದುವರಿಯಿತು. ತಿರುವಾಂಕೂರು-ಕೊಚ್ಚಿ ಭಾಗಕ್ಕೆ 1955ರ ಬೇರೊಂದು ಕಾಯಿದೆಯಿತ್ತು. ಎರಡನ್ನೂ ರದ್ದುಮಾಡಿ ರಾಜ್ಯಕ್ಕೆಲ್ಲ ಒಂದೇ ಕಾಯಿದೆ ಬಂದದ್ದು 2023ರಲ್ಲಿ. ಆಡಳಿತದ ಭಾಷೆ ಒಂದು ದಿನದಲ್ಲಿ ಬದಲಾಗಬಹುದು, ಆದರೆ ಕಾಯಿದೆ ಅರವತ್ತೇಳು ವರ್ಷ ಹಾಗೆಯೇ ಉಳಿಯಬಹುದು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಸೊಲ್ಲಾಪುರದ ಕಡೆ ಕಥೆ ಸ್ವಲ್ಪ ಭಿನ್ನ. ಅಲ್ಲಿ ಗಿರಣಿಗಳಿದ್ದವು. ಮರಾಠಿ, ತೆಲುಗು, ಕನ್ನಡ ಮೂರೂ ಒಂದೇ ಚಾಳಿನಲ್ಲಿ ಕೇಳಿಬರುತ್ತಿದ್ದ ನಗರ ಅದು. ಹೆರಿಗೆಯ ಮುಂಚೆ ಮತ್ತು ತರುವಾಯ ಕಾರ್ಖಾನೆಯ ಹೆಂಗಸಿಗೆ ಭತ್ಯೆ ಕೊಡುವ ದೇಶದ ಮೊದಲ ಕಾಯಿದೆಯನ್ನು ಮುಂಬಯಿ ಪ್ರಾಂತ್ಯ 1929ರಲ್ಲಿ ಮಾಡಿತು. ದಾದಿಯರ ಜೊತೆಗೆ ಆರೋಗ್ಯ ಸಂದರ್ಶಕಿಯರನ್ನೂ ಹೆಸರಿಸಿ ನೋಂದಣಿಗೆ ಒಳಪಡಿಸಿದ ಕಾಯಿದೆ 1935ರದು. ಅಕ್ಕಲಕೋಟೆ ಮತ್ತು ಜತ್ತ ಆಗ ಸಂಸ್ಥಾನಗಳು. ಅವು ಈ ಕಾಯಿದೆಗಳ ಹೊರಗಿದ್ದವು.

ಸ್ವಾತಂತ್ರ್ಯಾನಂತರ 1951ರಲ್ಲಿ ಸಹಾಯಕ ದಾದಿ-ಸೂಲಗಿತ್ತಿ, ಅಂದರೆ ಎ.ಎನ್.ಎಂ. ತರಬೇತಿ ಆರಂಭವಾಯಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆಯೂ ಅದರ ಬೆನ್ನಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಬಂದವು. ಮನೆಭೇಟಿ ನಿಜವಾಗಿ ಹಳ್ಳಿಗೆ ತಲುಪಿದ್ದು ಈ ದಶಕದಲ್ಲಿ. ಗಡಿಗಳು ಬದಲಾದದ್ದೂ ಇದೇ ದಶಕದಲ್ಲಿ. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು, 1956ರಲ್ಲಿ ಕಾಸರಗೋಡು ಕೇರಳಕ್ಕೆ. ಕೊಳ್ಳೇಗಾಲ ಮೈಸೂರಿಗೆ ಬಂದರೂ ತಾಳವಾಡಿ ಮದರಾಸಿನಲ್ಲಿಯೇ ಉಳಿಯಿತು. ಹೀಗಾಗಿ ಈ ಪ್ರದೇಶಗಳ ಬಹುತೇಕ ಹೆಂಗಸರಿಗೆ ಮೊದಲ ಬಾರಿ ಎದುರಾದ ಸಂದರ್ಶಕಿಯೇ ಹೊಸ ರಾಜ್ಯದ ಭಾಷೆಯನ್ನು ಕಲಿತು ಬಂದವಳಾಗಿದ್ದಳು.

ಅವಳು ಬಂದು ಮಾಡುವುದಾದರೂ ಏನು? ಮೊದಲ ಪ್ರಶ್ನೆ ಮುಟ್ಟು ನಿಂತದ್ದು ಯಾವಾಗ ಎಂಬುದು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ತಾರೀಕು ಗುರುತಿಟ್ಟುಕೊಳ್ಳದ ಹೆಂಗಸು ಹಬ್ಬ, ಜಾತ್ರೆ, ಅಮಾವಾಸ್ಯೆಗಳ ಲೆಕ್ಕ ಹೇಳುತ್ತಾಳೆ. ಈ ಒಂದು ಉತ್ತರದಲ್ಲಿಯೇ ಪಂಚಾಂಗದ ಸಮಸ್ಯೆ ಅಡಗಿದೆ. ತಾಳವಾಡಿಯ ಕನ್ನಡತಿ ಎಣಿಸುವುದು ಚಾಂದ್ರಮಾಸ. ತಮಿಳು ಸಂದರ್ಶಕಿಯ ತಿಂಗಳು ಸೌರಮಾನದ್ದು. ‘ಚೈತ್ರ’ ಮತ್ತು ‘ಚಿತ್ತಿರೈ’ ಒಂದೇ ಮೂಲದ ಹೆಸರುಗಳು, ‘ಆಷಾಢ’ ಮತ್ತು ‘ಆಡಿ’ ಕೂಡ ಹಾಗೆಯೇ. ಆದರೆ ಚಿತ್ತಿರೈ ತೊಡಗುವುದು ಏಪ್ರಿಲ್ ಮಧ್ಯದಲ್ಲಿ. ಚೈತ್ರ ಆಯಾ ವರ್ಷಕ್ಕೆ ತಕ್ಕಂತೆ ಅದಕ್ಕಿಂತ ಕೆಲವು ದಿನಗಳಿಂದ ಹಿಡಿದು ಸುಮಾರು ಒಂದು ತಿಂಗಳಷ್ಟು ಮೊದಲೇ ತೊಡಗುತ್ತದೆ. ಒಂದನ್ನು ಇನ್ನೊಂದೆಂದು ಕೇಳಿಸಿಕೊಂಡರೆ ದಿನ ತುಂಬಿದ ಕೂಸು ಪುಸ್ತಕದಲ್ಲಿ ತಿಂಗಳು ತುಂಬದ ಕೂಸಾಗಿಬಿಡುತ್ತದೆ. ಕಾಸರಗೋಡಿನಲ್ಲಿ ಈ ತೊಡಕಿಲ್ಲ. ತುಳುವರ ಪಗ್ಗು ಮತ್ತು ಮಲಯಾಳಿಗಳ ಮೇಡಂ ಎರಡೂ ಸೌರಮಾಸಗಳು, ಬಿಸು ಮತ್ತು ವಿಷು ಕೂಡಿಯೇ ಬರುತ್ತವೆ. ಸೊಲ್ಲಾಪುರದಲ್ಲಿಯೂ ಇಲ್ಲ. ಮರಾಠಿ ಮತ್ತು ಕನ್ನಡ ತಿಂಗಳುಗಳು ಅಮಾವಾಸ್ಯೆಗೇ ಮುಗಿಯುವವು. ಪಂಚಾಂಗದ ಗಡಿ ಭಾಷೆಯ ಗಡಿಗಿಂತ ಬೇರೆಯದು. ಈ ವಿಷಯ ಭಾಷಾಶಾಸ್ತ್ರಜ್ಞರ ಕಣ್ಣಿಗಿಂತ ಮೊದಲು ಸಂದರ್ಶಕಿಯ ಕೈಗೆ ತಾಗಿರಬೇಕು.

ಎರಡನೆಯದು ಅಪಾಯದ ಲಕ್ಷಣಗಳ ವಿಚಾರಣೆ: ಕಾಲು ಮುಖ ಬಾತಿವೆಯೇ, ತಲೆ ಸಿಡಿಯುತ್ತದೆಯೇ, ಕಣ್ಣು ಮಂಜಾಗುತ್ತದೆಯೇ, ರಕ್ತ ಹೋಗುತ್ತಿದೆಯೇ, ನೀರು ಹೋಗುತ್ತಿದೆಯೇ. ಇಲ್ಲಿ ಸೋದರ ಭಾಷೆಗಳ ಸಾಮ್ಯವೇ ಒಮ್ಮೊಮ್ಮೆ ದಾರಿತಪ್ಪಿಸುತ್ತದೆ. ಮಲಯಾಳದಲ್ಲಿ ‘ನೀರ್’ ಎಂದರೆ ಬಾವು, ಕಾಲಿಗೆ ನೀರ್ ಬಂತೆಂದರೆ ಕಾಲು ಊದಿಕೊಂಡಿತು ಎಂದರ್ಥ. ಬಸುರಿಗೆ ನೀರು ಹೋಯಿತು ಎಂದು ಕನ್ನಡದಲ್ಲಿ ಹೇಳಿದರೆ ಗರ್ಭದ ಚೀಲ ಒಡೆಯಿತು ಎಂದರ್ಥ. ಎರಡೂ ಅಪಾಯಸೂಚನೆಗಳೇ, ಆದರೆ ಮಾಡಬೇಕಾದ ಕೆಲಸ ಬೇರೆ. ತಮಿಳಿನಲ್ಲಿ ‘ನಂಜುಕ್ಕೊಡಿ’ ಎಂದರೆ ಮಾಸು. ಕನ್ನಡದ ಕಿವಿಗೆ ‘ನಂಜು’ ವಿಷ, ಕೀವು, ಸೋಂಕುಗಳ ಭಯವನ್ನು ತರುವ ಮಾತು. ‘ಎನ್ನೋ ನೆಲ’ ಎಂದು ತೆಲುಗಿನಲ್ಲಿ ಕೇಳುವುದು ಎಷ್ಟನೆಯ ತಿಂಗಳೆಂದು. ತುಳುವಿನಲ್ಲಿ ‘ಬಂಜಿ’ ಎಂದರೆ ಹೊಟ್ಟೆ, ಬಂಜಿನಾಲ್ ಎಂದರೆ ಗರ್ಭಿಣಿ. ಕನ್ನಡದ ‘ಬಂಜೆ’ಗೂ ಅದಕ್ಕೂ ಇರುವ ದೂರವನ್ನು ಹೇಳಬೇಕಾಗಿಲ್ಲ.

ಈ ಉದಾಹರಣೆಗಳ ತೂಕವನ್ನು ಹೆಚ್ಚಿಸಿ ಹೇಳಬಾರದು. ಗಡಿನಾಡಿನವರು ಹುಟ್ಟಿನಿಂದಲೇ ಎರಡು ಮೂರು ಭಾಷೆಗಳ ನಡುವೆ ಓಡಾಡುವವರು. ಸಂತೆಗೆ ಹೋಗುವ ಅತ್ತೆಗೆ ‘ನೀರ್’ ಏನೆಂದು ಯಾರೂ ಕಲಿಸಬೇಕಾಗಿಲ್ಲ. ತೊಡಕು ಬರುವುದು ಹೊಸದಾಗಿ ಮದುವೆಯಾಗಿ ಕರ್ನಾಟಕದ ಕಡೆಯಿಂದ ಬಂದ, ಮನೆಬಿಟ್ಟು ಹೊರಗೆ ಹೋಗದ, ಚೊಚ್ಚಲ ಬಸುರಿನ ಹುಡುಗಿಗೆ. ಸಂದರ್ಶಕಿಯ ನೆರವು ಎಲ್ಲರಿಗಿಂತ ಹೆಚ್ಚು ಬೇಕಾದವಳೂ ಅವಳೇ. ಕಾಸರಗೋಡಿನಲ್ಲಿ ಇನ್ನೊಂದು ಮಡಿಕೆಯೂ ಇದೆ. ಅಲ್ಲಿ ಕನ್ನಡವನ್ನು ತಮ್ಮ ಭಾಷೆಯೆಂದು ಕರೆಯುವ ಅನೇಕ ಮನೆಗಳ ಒಳಮಾತು ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ ಕನ್ನಡ. ಆದುದರಿಂದ ಪುಸ್ತಕದ ಕನ್ನಡದಲ್ಲಿ ಮಾತನಾಡುವ ಸಂದರ್ಶಕಿಯೂ ಅಲ್ಲಿ ಅರ್ಧ ಹೊರಗಿನವಳೇ.

ಭಾಷೆ ಸೋತಲ್ಲಿ ದುಭಾಷಿ ಬರುತ್ತಾನೆ. ಮನೆಯೊಳಗೆ ಆ ಪಾತ್ರ ಸಾಮಾನ್ಯವಾಗಿ ಗಂಡನದು. ಬಸ್ಸು, ಮಾರುಕಟ್ಟೆ, ಕಚೇರಿಗಳ ಮೂಲಕ ರಾಜ್ಯಭಾಷೆ ಅವನಿಗೆ ಮೊದಲು ಬಂದಿರುತ್ತದೆ. ತಂದೆಯಾಗಲಿರುವವನನ್ನು ಮಾತುಕತೆಗೆ ಎಳೆಯಬೇಕೆಂದು ಇಂದಿನ ಆರೋಗ್ಯ ಯೋಜನೆಗಳು ಒತ್ತಿ ಹೇಳುತ್ತವೆ. ಗಡಿನಾಡಿನಲ್ಲಿ ಅವನು ಬಹುಕಾಲದಿಂದ ಆ ಮಾತುಕತೆಯ ನಡುವೆಯೇ ನಿಂತಿದ್ದಾನೆ, ಆದರೆ ಬೇರೆ ಕಾರಣಕ್ಕೆ. ತೂಕ, ಊಟ, ಆಸ್ಪತ್ರೆಗೆ ಹೋಗುವ ದಿನ ಇವೆಲ್ಲ ಅವನ ಮೂಲಕ ದಾಟುತ್ತವೆ. ಬಿಳಿಸೆರಗು, ರಕ್ತಸ್ರಾವ, ಹಿಂದಿನ ಗರ್ಭಪಾತ, ಅತ್ತೆ ಹೊಟ್ಟೆತುಂಬ ಉಣ್ಣಗೊಡದ ಸಂಗತಿ ದಾಟುವುದಿಲ್ಲ. ಸಂದರ್ಶನದ ಎರಡು ಅರ್ಧಗಳಲ್ಲಿ ಹೇಳುವುದು ಹೇಗೋ ನಡೆಯುತ್ತದೆ, ಕೇಳಿಸಿಕೊಳ್ಳುವುದು ನಿಲ್ಲುತ್ತದೆ.

ಕಬ್ಬಿಣದ ಮಾತ್ರೆಯ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಬಸುರಿಯರ ರಕ್ತಹೀನತೆಯನ್ನು ಕುರಿತು ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ 1928ರಿಂದ ಮುಂಬಯಿಯಲ್ಲಿ ಸಂಶೋಧನೆ ನಡೆಸಿದರು. ಅವರ ಕೆಲಸದ ಒಂದು ಭಾಗ ನೀಲಗಿರಿಯ ಕೂನೂರಿನಲ್ಲಿಯೂ ನಡೆಯಿತು. ಯೀಸ್ಟಿನ ಸಾರದಲ್ಲಿ ಅವರು ಕಂಡ ಗುಣ ಮುಂದೆ ಫೋಲಿಕ್ ಆಮ್ಲವೆಂದು ತಿಳಿದುಬಂತು. 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಗಿ ಗರ್ಭಿಣಿಯರಿಗೆ ನೂರು ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುವ ಪದ್ಧತಿ ಬಂತು. ಮಾತ್ರೆ ಕೊಡುವುದು ಬೇರೆ, ನುಂಗಿಸುವುದು ಬೇರೆ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳೆಸುತ್ತದೆ, ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಅಂಜಿಕೆಗಳು ಗಡಿಯ ಎರಡೂ ಕಡೆ ಇವೆ. ಇವನ್ನು ಹೋಗಲಾಡಿಸಲು ಆಜ್ಞೆಯ ಭಾಷೆ ಸಾಲದು, ವಾದಿಸುವ, ನಗುವ, ಗದರುವ, ರಮಿಸುವ ಭಾಷೆ ಬೇಕು. ಎಷ್ಟು ಮಾತ್ರೆ ವಿತರಣೆಯಾಯಿತು ಎಂಬುದು ದಾಖಲೆಯಲ್ಲಿದೆ. ಎಷ್ಟು ತಿಪ್ಪೆ ಸೇರಿತು ಎಂಬುದು ಇಲ್ಲ.

ಅರವತ್ತರ ದಶಕದ ನಡುವಿನಿಂದ ಕುಟುಂಬ ಯೋಜನೆಯ ಗುರಿಗಳು ಇದೇ ಹೆಂಗಸಿನ ಹೆಗಲೇರಿದವು. 1973ರ ಕರ್ತಾರ್ ಸಿಂಗ್ ಸಮಿತಿಯ ವರದಿ ಅವಳನ್ನು ಬಹೂದ್ದೇಶ ಕಾರ್ಯಕರ್ತೆಯಾಗಿಸಿತು. ಗುರಿಗಳ ಪದ್ಧತಿಯನ್ನು ಕೈಬಿಟ್ಟದ್ದು 1996ರಲ್ಲಿ. ನಡುವಿನ ವರ್ಷಗಳಲ್ಲಿ ಅವಳು ಬಂದರೆ ಬಾಗಿಲು ಮುಚ್ಚುತ್ತಿದ್ದ ಮನೆಗಳಿದ್ದುದು ಭಾಷೆಯ ಕಾರಣಕ್ಕಲ್ಲ, ಆ ಮಾತು ದೇಶಕ್ಕೆಲ್ಲ ಸಲ್ಲುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಮಾದರಿ ನೋಂದಣಿ ವ್ಯವಸ್ಥೆಯ 2018-20ರ ಅಂಕಿಗಳಂತೆ, ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಕೇರಳದಲ್ಲಿ 19, ಮಹಾರಾಷ್ಟ್ರದಲ್ಲಿ 33, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ಕರ್ನಾಟಕದಲ್ಲಿ 69. ಗಡಿಯಾಚೆಯ ಕನ್ನಡತಿ ತನ್ನ ಭಾಷೆಯಾಡದ ರಾಜ್ಯಕ್ಕೆ ಸೇರಿ ಜೀವ ಕಳೆದುಕೊಂಡಳು ಎಂಬ ಸುಲಭದ ದೂರನ್ನು ಈ ಅಂಕಿಗಳು ಎತ್ತಲು ಬಿಡುವುದಿಲ್ಲ. ರಾಜ್ಯದ ಸರಾಸರಿ ಒಂದು ತಾಲೂಕಿನ ಸ್ಥಿತಿಯನ್ನು ಹೇಳುವುದಿಲ್ಲ ಎಂಬುದು ನಿಜ. ಆದರೂ ರಕ್ತದ ಪರೀಕ್ಷೆ, ರಕ್ತದೊತ್ತಡದ ಯಂತ್ರ, ಆಂಬುಲೆನ್ಸು, ಆಸ್ಪತ್ರೆಯ ಹೆರಿಗೆ ಇವು ಬಂದಂತೆಲ್ಲ ಬಸುರಿಯ ಬಾಯಿಂದ ತಿಳಿಯಬೇಕಾದದ್ದು ಕಡಿಮೆಯಾಯಿತು ಎಂಬುದನ್ನು ಒಪ್ಪಬೇಕು. ಕಾಲಿನ ಬಾವಿಗೆ ಯಾವ ಭಾಷೆಯಲ್ಲಿ ಏನೆನ್ನುತ್ತಾರೆ ಎಂಬುದರ ಹಂಗಿಲ್ಲದೆ ಯಂತ್ರ ಒತ್ತಡವನ್ನು ಅಳೆಯುತ್ತದೆ. ಹಾಗಾದರೆ ಭಾಷೆಯ ಪ್ರಶ್ನೆ ಮುಗಿಯಿತೇ? ಮುಗಿಯಲಿಲ್ಲ, ಜಾಗ ಬದಲಾಯಿಸಿತು. ಸಾವನ್ನು ತಪ್ಪಿಸುವುದು ಯಂತ್ರಕ್ಕೆ ಸಾಧ್ಯವಾಗಬಹುದು. ಹೆದರಿದವಳ ಹೆದರಿಕೆ, ಗಂಡು ಕೂಸೇ ಬೇಕೆನ್ನುವ ಮನೆಯ ಒತ್ತಡ, ಬಾಣಂತಿಯ ಮಂಕು ಇವು ಯಾವ ಅಂಕಣದಲ್ಲಿಯೂ ಕಾಣುವುದಿಲ್ಲ. ಮರಣದ ಅಂಕಿ ಚೆನ್ನಾಗಿದ್ದಷ್ಟೂ ಇವು ಮರೆಯಾಗುವುದು ಸುಲಭ.

ಗಡಿನಾಡಿನಲ್ಲಿ ಈ ಮಾತುಕತೆ ಪೂರ್ತಿ ಕಡಿದುಹೋಗದಂತೆ ಉಳಿಸಿದ್ದು ಯಾವ ಭಾಷಾನೀತಿಯೂ ಅಲ್ಲ. ಕೇರಳದ 1969ರ ರಾಜ್ಯಭಾಷಾ ಕಾಯಿದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿತು. ಅದು ಕೂಡ ಪತ್ರದ ಹಕ್ಕೇ. ಮಾತಿನ ಕೊರತೆಯನ್ನು ತುಂಬಿದ್ದು ಭಾಷೆಯ ಹೆಸರನ್ನೇ ಎತ್ತದ ಎರಡು ಯೋಜನೆಗಳು. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಕಾರ್ಯಕರ್ತೆ ಸ್ಥಳೀಯಳಾಗಿರಬೇಕಿತ್ತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆ ಅದೇ ಹಳ್ಳಿಯ ವಾಸಿಯಾಗಿರಬೇಕೆಂಬುದು ನಿಯಮ. ಅವಳು ವಿವಾಹಿತೆ, ವಿಧವೆ ಅಥವಾ ಗಂಡನಿಂದ ಬೇರೆಯಾದವಳಾಗಿರಲಿ ಎಂದು ಸೇರಿಸಿದ್ದಕ್ಕೆ ಕಾರಣ, ಮದುವೆಯಾಗದ ಮಗಳು ನಾಳೆ ಬೇರೆ ಊರಿಗೆ ಹೋಗಿಬಿಡುತ್ತಾಳೆ ಎಂಬುದು. ನಿಯಮ ಮಾಡಿದವರ ಮನಸ್ಸಿನಲ್ಲಿ ಮಂಜೇಶ್ವರವೂ ಇರಲಿಲ್ಲ, ಅಕ್ಕಲಕೋಟೆಯೂ ಇರಲಿಲ್ಲ. ಆದರೂ ಊರಿನ ಸೊಸೆಯನ್ನು ಆರಿಸಿದಾಗ ಊರಿನ ಮಾತೂ ತಾನಾಗಿ ಬಂತು. ಭಾಷಾ ರಕ್ಷಣೆಯ ಪಟ್ಟಿಗಳು ಮಾಡದ ಕೆಲಸವನ್ನು ವಾಸಸ್ಥಳದ ನಿಯಮ ಮಾಡಿತು. ತಮಿಳುನಾಡಿನಲ್ಲಿ ಗ್ರಾಮ ಆರೋಗ್ಯ ದಾದಿಯೇ ಮುಖ್ಯಳಾಗಿ ಉಳಿದು ಆಶಾ ಪದ್ಧತಿ ಬಹುಮಟ್ಟಿಗೆ ಗುಡ್ಡಗಾಡಿಗೆ ಸೀಮಿತವಾದುದರಿಂದ, ಹೊಸೂರಿನ ಬಯಲಿನಲ್ಲಿ ಈ ಅನುಕೂಲ ಅಷ್ಟು ದೊರೆಯಲಿಲ್ಲ.

ಇದರ ಭಾರ ಬಿದ್ದದ್ದು ಆ ಸೊಸೆಯ ಮೇಲೆ. ಅವಳು ಕನ್ನಡದಲ್ಲಿ ಕೇಳಿಸಿಕೊಂಡದ್ದನ್ನು ಮಲಯಾಳ, ಮರಾಠಿ ಅಥವಾ ತೆಲುಗಿನಲ್ಲಿ ಬರೆಯಬೇಕು. ರಾಜ್ಯಭಾಷೆಯ ತರಬೇತಿ ಪುಸ್ತಕದಲ್ಲಿ ಓದಿದ್ದನ್ನು ಕನ್ನಡದಲ್ಲಿ ಹೇಳಬೇಕು. ಬಿಸಿಲಲ್ಲಿ ನಡೆಯುತ್ತ ಅವಳು ಮಾಡುವ ಈ ಅನುವಾದ ಯಾವ ಅನುವಾದ ಅಕಾಡೆಮಿಯ ಲೆಕ್ಕದಲ್ಲಿಯೂ ಇಲ್ಲ, ಗೌರವಧನದ ಲೆಕ್ಕದಲ್ಲಿಯೂ ಇಲ್ಲ. ಗಡಿ ಕನ್ನಡದ ಪದಕೋಶ ಕಟ್ಟುವವರು ಹುಡುಕುವ ಎಷ್ಟೋ ಮಾತುಗಳು ಅವಳ ಬಾಯಲ್ಲಿವೆ. ಸೊಲ್ಲಾಪುರ ಸೀಮೆಯ ‘ಹೊಟ್ಟಿಲೆ ಇದ್ದಾಳ’ದಿಂದ ಹಿಡಿದು ಕರಾವಳಿಯ ‘ಬಯಕೆ’ಯವರೆಗೆ, ಬಾಣಂತಿ ಸನ್ನಿಯಿಂದ ಹಿಡಿದು ಕುಬಸದವರೆಗೆ.

ಕೊನೆಯದಾಗಿ ತವರು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿ ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ. ಕಾಸರಗೋಡಿನ ಸೊಸೆ ಪುತ್ತೂರಿನ ಮಗಳಾಗಿರುತ್ತಾಳೆ, ಅಕ್ಕಲಕೋಟೆಯವಳು ಆಳಂದಕ್ಕೆ, ಜತ್ತದವಳು ಅಥಣಿಗೆ, ತಾಳವಾಡಿಯವಳು ಚಾಮರಾಜನಗರಕ್ಕೆ, ಮಡಕಶಿರಾದವಳು ಶಿರಾಕ್ಕೆ ಹೊರಡುತ್ತಾಳೆ. ಏಳನೆಯ ತಿಂಗಳಲ್ಲಿ ಸೀಮಂತವೋ ಕುಬಸವೋ ಮುಗಿದು ಅವಳು ಬಸ್ಸು ಹತ್ತಿದ ಮರುಕ್ಷಣ ಒಂದು ರಾಜ್ಯದ ಸಂದರ್ಶಕಿಯ ಕೈಯಿಂದ ಜಾರಿರುತ್ತಾಳೆ. ಅಪಾಯ ಹೆಚ್ಚುವ ಕೊನೆಯ ತಿಂಗಳುಗಳೂ ಅವೇ. ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡ್ 2010ರಲ್ಲಿ ದೇಶಕ್ಕೆಲ್ಲ ಒಂದೇ ನಮೂನೆಯದಾಯಿತು, ಆದರೆ ಅದರ ಅಕ್ಷರ ಆಯಾ ರಾಜ್ಯದ್ದು. ತಮಿಳುನಾಡಿನಲ್ಲಿ ಪಿಕ್ಮೆ ಸಂಖ್ಯೆ, ಕರ್ನಾಟಕದಲ್ಲಿ ತಾಯಿ ಕಾರ್ಡ್. ಕನ್ನಡ ಬಲ್ಲ ಕರ್ನಾಟಕದ ಸಂದರ್ಶಕಿಯ ಎದುರು ಕನ್ನಡತಿಯೇ ಕುಳಿತು, ನಡುವೆ ಇಬ್ಬರಿಗೂ ಓದಲು ಬಾರದ ಒಂದು ಕಾರ್ಡ್ ಇರುವ ಸಂದರ್ಭ ಗಡಿಯ ಈಚೆಯ ಉಪಕೇಂದ್ರಗಳಲ್ಲಿ ಉಂಟಾಗುತ್ತದೆ. ಆಚೆಯ ಪುಸ್ತಕದಲ್ಲಿ ಅವಳು ಊರಲ್ಲಿಲ್ಲದವಳು, ಈಚೆಯ ಪುಸ್ತಕದಲ್ಲಿ ತಡವಾಗಿ ನೋಂದಣಿಯಾದವಳು. ಕಾರ್ಡಿನಲ್ಲಿ ಅಂಕಿಗಳನ್ನು ಮಾತ್ರ ಇಬ್ಬರೂ ಓದಬಲ್ಲರು. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್. ಉಳಿದದ್ದನ್ನು ಸಂದರ್ಶಕಿ ಮತ್ತೆ ಮೊದಲಿನಿಂದ ಕೇಳುತ್ತಾಳೆ, ಮುಟ್ಟು ನಿಂತದ್ದು ಯಾವಾಗ ಎಂಬಲ್ಲಿಂದ.